ಮೂರನೆಯ ನಳಿಗೆ

ಲೈಸೆನ್ಸ್ ಕಾಗದ ಹುಡುಕಿಕೊಂಡು ಮಹಡಿಯಿಂದ ಇಳಿದು ಬಂದ ಡಾಕ್ಟರ್ ಪ್ರಸಾದ ಊಟದ ಮೇಜಿನ ಮುಂದೆ ನಿಂತು ಎಣಿಸಿದ. ಪಿಸ್ತೂಲು ಒಂದು, ನಳಿಗೆ ಎರಡು. ಹದಿನೈದು ನಿಮಿಷದ ಹಿಂದೆ ಎಣ್ಣೆ ಒರೆಸಿ ಹಳೆಯ ಪೇಪರಿನ ಮೇಲೆ ಸಾಲಾಗಿ ಇಟ್ಟಾಗ ನಳಿಗೆ ಮೂರಿದ್ದವು.

"ವಿಜಯಾ, ಆ ಉದ್ದನ್ನ ನಳಿಗಿ ಎಲ್ಲೆ ಇಟ್ಟಿ?"

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಹೊರಳಿಯೂ ನೋಡಲಿಲ್ಲ. "ನಿಮ್ಮ ಪಿಸ್ತೂಲು ನಾ ಯಾವತ್ತರ ಮುಟ್ಟೇನೇನು?"

ಅದು 1997ರ ಸೆಪ್ಟೆಂಬರಿನ ಕೊನೆಯ ದಿನ. ಪಿಸ್ತೂಲು ಯಾರೂ ಇಟ್ಟುಕೊಳ್ಳಬಾರದೆಂದು ಇಂಗ್ಲೆಂಡಿನಲ್ಲಿ ಹೊಸ ಕಾಯ್ದೆ ಬಂದಿತ್ತು. ಪೊಲೀಸರಿಗೆ ಒಪ್ಪಿಸಲು ಅವತ್ತೇ ಕಡೆ. ಪ್ರಸಾದನದು ಬೇಟೆಗೆಂದೇ ಮಾಡಿದ ಪಿಸ್ತೂಲು. ಒಂದು ಸಲಕ್ಕೆ ಒಂದೇ ಗುಂಡು. ಹಿಡಿ ಒಂದೇ, ದೂರಕ್ಕೆ ತಕ್ಕ ಹಾಗೆ ನಳಿಗೆ ಬದಲಿಸಿಕೊಳ್ಳುವುದು. ಇನ್ನು ಬೇಟೆಯೋ! ಮೊಟ್ಟೆಯನ್ನೂ ಮುಟ್ಟದ ಈ ಧಾರವಾಡದ ಲಿಂಗಾಯತ ಡಾಕ್ಟರು ಐದು ವರ್ಷ ಭಾನುವಾರ ತಪ್ಪಿಸದೆ ಕ್ಲಬ್ಬಿಗೆ ಹೋಗಿ ಹೊಡೆದುರುಳಿಸಿದ್ದು ಗುರಿಗೆಂದು ನಿಲ್ಲಿಸಿದ ಕಬ್ಬಿಣದ ಟಗರುಗಳನ್ನು. ಆದರೆ ಕಾಗದದಲ್ಲಿ ಮೂರು ನಳಿಗೆಗೂ ಬೇರೆ ಬೇರೆ ನಂಬರಿತ್ತು. ಕಾಯ್ದೆಯ ಕಣ್ಣಿಗೆ ಬರಿಯ ನಳಿಗೆಯೂ ಕೋವಿಯೇ. ಒಂದು ಕಡಿಮೆ ಬಿದ್ದರೆ ಜೈಲು, ಡಾಕ್ಟರಿಕೆಗಂತೂ ಎಳ್ಳುನೀರು.

ಹ್ಯಾರೋದ ಆ ಮನೆಯಲ್ಲಿ ಆಗ ಇದ್ದವರು ಮೂವರೇ. ಎರಡು ತಿಂಗಳ ಹಿಂದೆ ಊರಿನಿಂದ ಬಂದ ಅವ್ವ ಚನ್ನಬಸವ್ವ ತನ್ನ ಕೋಣೆಯಲ್ಲಿ ಲಿಂಗಪೂಜೆಗೆ ಕೂತಿದ್ದಳು. ಪೂಜೆಗೆ ಕೂತವರನ್ನು ಮಾತಾಡಿಸುವ ಪದ್ಧತಿ ಆ ಮನೆಯಲ್ಲಿಲ್ಲ. ಉಳಿದವಳು ವಿಜಯಾ. ಪಿಸ್ತೂಲು ಮನೆ ಹೊಕ್ಕ ದಿನದಿಂದ ಅದನ್ನು ಕಂಡರೆ ಅವಳಿಗಾಗದು. ಕಾಯ್ದೆಯ ಸುದ್ದಿ ಬಂದ ದಿನ ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಗೋಧಿ ಹುಗ್ಗಿ ಮಾಡಿ ಬಡಿಸಿದ್ದಳು. ಇದನ್ನೆಲ್ಲ ನೆನೆಸಿಕೊಂಡಷ್ಟೂ ಪ್ರಸಾದನ ಸಂಶಯ ಗಟ್ಟಿಯಾಯಿತು.

ಇನ್ನೂ ಎರಡು ಸಲ ಕೇಳಿದ. ಅವಳು ಅದೇ ಉತ್ತರ ಕೊಟ್ಟಳು. ಕಸದ ಡಬ್ಬಿ ತಿರುವಿ ಹಾಕಿದ, ಸಿಂಕಿನ ಕೆಳಗೆ ಟಾರ್ಚ್ ಬಿಟ್ಟ. ಕೊನೆಗೆ ಮಹಡಿ ಹತ್ತಿ ಅವಳ ಕಪಾಟು ತೆರೆದು ಸೀರೆಗಳನ್ನೆಲ್ಲ ಒಂದೊಂದಾಗಿ ಜಾಡಿಸಿ ಹಾಸಿಗೆಯ ಮೇಲೆ ಒಗೆದ. ತವರಿನವರು ಕೊಟ್ಟ ಇಳಕಲ್ಲ ಸೀರೆಯನ್ನೂ ಬಿಡಲಿಲ್ಲ.

ವಿಜಯಾ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. "ನೀವ ಮುಚ್ಚಿಟ್ಟೀರಿ. ಕೂಸಿಗೆ ಎರದ್ಹಂಗ ಎರಡು ದಿನದಿಂದ ಅದನ್ನ ಒರಸಾಕತ್ತೀರಿ. ಕೊಡಾಕ ಮನಸ್ಸಿಲ್ಲ ನಿಮಗ. ಈಗ ನನ್ನ ಮ್ಯಾಲೆ ಹಾಕೂ ನಾಟಕಾ."

"ಖರೇ ಹೇಳು, ಎಲ್ಲೆ ಒಗದಿ? ಐದರೊಳಗ ಸ್ಟೇಶನ್ನಿಗೆ ಮುಟ್ಟಿಸಬೇಕು. ಅವರಿಗೆ ಏನಂತ ಹೇಳಲಿ ನಾ?"

"ಹೆಂಡ್ತಿ ಕಳ್ಳಿ ಅದಾಳ ಅಂತ ಹೇಳ್ರಿ."

ಹನ್ನೆರಡು ವರ್ಷದ ಸಂಸಾರದಲ್ಲಿ ಅವಳು ಇಷ್ಟು ಮೆಲ್ಲಗೆ ಮಾತಾಡಿದ್ದನ್ನು ಅವನು ಕೇಳಿರಲಿಲ್ಲ. ಆದರೂ ಅವನ ಕಣ್ಣು ಇನ್ನೂ ತೆರೆಯದ ಕೆಳಗಿನ ಖಾನೆಯ ಮೇಲೇ ಇತ್ತು.

ಅಷ್ಟರಲ್ಲಿ ಚನ್ನಬಸವ್ವ ಪೂಜೆ ಮುಗಿಸಿ ಹೊರಗೆ ಬಂದಳು. "ಯಾಕ ಇಬ್ರೂ ಒದರಾಡಾಕತ್ತೀರಿ? ನಳಿಗಿ ನನ್ನ ಹತ್ರ ಅದ." ಸೆರಗಿನ ಮರೆಯಿಂದ ತೆಗೆದು ತೋರಿಸಿದಳು. ಅದರ ಮೇಲೆ ಮೂರೆಳೆ ವಿಭೂತಿ ಎಳೆದಿದ್ದಳು.

"ಅವ್ವಾ, ನೀ ಯಾಕ ತೊಗೊಂಡಿ ಇದನ್ನ?"

"ಎತ್ತು ಮಾರಿದ್ರ ಹಗ್ಗಾನೂ ಕೊಟ್ಟು ಕಳಸ್ತೀವೇನು? ಹಗ್ಗ ಮನ್ಯಾಗ ಉಳಿದ್ರ ಮೇವಿನ ಗ್ವಾದಲಿ ಬರಿದಾಗೂದಿಲ್ಲ, ಮುಂದ ಮತ್ತೊಂದು ಎತ್ತು ಬರತದ. ನಿಮ್ಮಪ್ಪ ಹಂಗ ಮಾಡಾಂವ. ನೀ ಓದಿದಾಂವ, ಹೇಳಿದ್ರ ನಗತೀ ಅಂತ ಪೂಜಿಗೆ ಕೂಡೂಕಿಂತ ಮೊದಲ ನಾನ ಒಂದು ತೆಗದಿಟ್ಟೆ."

ಪ್ರಸಾದನಿಗೆ ಹೋದ ಜೀವ ಬಂದಂತಾಯಿತು. ಅವನು ನಕ್ಕ. ಒಂದು ನಳಿಗೆಗೆ ಎಷ್ಟು ವರ್ಷ ಜೈಲೆಂದು ತಿಳಿಸಿ ಹೇಳಿದ ಮೇಲೆ ಮುದುಕಿ ಹೆದರಿ, ಅದನ್ನು ಮಗನ ಕೈಗಿಟ್ಟು ಕೋಣೆಗೆ ಹೋದಳು. "ನೋಡಿದೇನು, ಅವ್ವನ ಕೆಲಸಾ," ಎಂದು ಅವನು ಹೆಂಡತಿಯ ಕಡೆ ತಿರುಗಿದ. ಅವಳು ನಗಲಿಲ್ಲ. ಕೈ ತೊಳೆದು ಬಂದು ಹಾಸಿಗೆಯ ಮೇಲಿನ ಸೀರೆಗಳನ್ನು ಎತ್ತಿಕೊಳ್ಳತೊಡಗಿದ್ದಳು. ಅವನಿಗೆ ನಾಚಿಕೆಯಾಯಿತು. ಒಂದು ಸೀರೆಯ ತುದಿ ಹಿಡಿದು ಮಡಚಲು ಹೋದ.

"ಬಿಡ್ರಿ," ಎಂದು ವಿಜಯಾ ಸೀರೆ ಎಳೆದುಕೊಂಡಳು. "ನೀವು ಮಡಚಿದ್ರ ಇನ್ನೂ ಏನೋ ಹುಡುಕಿದ್ಹಂಗ ಅನಸ್ತದ."

ಸ್ಟೇಶನ್ನಿನಲ್ಲಿ ಸಾಲು ಬಾಗಿಲ ಹೊರಗಿನವರೆಗೆ ಇತ್ತು. ಅವನ ಸರದಿ ಬಂದಾಗ ನಾಲ್ಕೂವರೆ. ಕೌಂಟರಿನ ಹಿಂದಿದ್ದ ಪೊಲೀಸ್ ಹೆಂಗಸು ಪಿಸ್ತೂಲಿನ ನಂಬರು ನೋಡಿ ಗುರುತು ಹಾಕಿಕೊಂಡಳು, ಆಮೇಲೆ ಒಂದೊಂದೇ ನಳಿಗೆಯದು. ಮೂರನೆಯದರ ಬಿಳಿ ಗೆರೆಗಳ ಮೇಲೆ ಹೆಬ್ಬೆರಳಾಡಿಸಿ ಅವನ ಮುಖ ನೋಡಿದಳು.

"ವಿಭೂತಿ," ಎಂದ ಪ್ರಸಾದ. "ನಮ್ಮ ತಾಯಿ ಪೂಜೆ ಮಾಡಿದ್ದು."

"ಸರಿ. ಮನೆಯಲ್ಲಿ ಬೇರೆ ಯಾವುದೂ ಇಟ್ಟುಕೊಂಡಿಲ್ಲ ತಾನೇ, ಡಾಕ್ಟರ್?"

"ಇಲ್ಲ."

ಅವಳು ಎರಡನೆಯ ಸಲ ಕೇಳಲಿಲ್ಲ. ಹೆಸರೂ ಗೊತ್ತಿಲ್ಲದ ಆ ಹೆಂಗಸು ಅವನ ಒಂದೇ ಮಾತು ನಂಬಿ ರಸೀದಿ ಹರಿದುಕೊಟ್ಟಳು.