ಗೀರು ಬಿದ್ದ ಡಿಸ್ಕ್

ಲ್ಯಾಪ್‌ಟಾಪ್ ಕೊಂಡಾಗ ಬಂದಿದ್ದ ರಿಕವರಿ ಡಿಸ್ಕನ್ನು ಗಿರಾಕಿ ಮೇಜಿನ ಮೇಲೆ ಕುಕ್ಕಿದ. “ಇದನ್ನೇ ಹಾಕಿ ಮೇಡಂ. ಒಂದೂ ಫೈಲ್ ಉಳೀಬಾರ್ದು, ಕೊಂಡ ದಿನ ಹೇಗಿತ್ತೋ ಹಾಗಾಗ್ಬೇಕು. ನನ್ನ ಹೆಂಡ್ತೀದು. ಮೆಟ್ಟಿಲಿಂದ ಬಿದ್ದು ಆಸ್ಪತ್ರೇಲಿದ್ದಾಳೆ.”

ರಿಪೇರಿಯವಳು ಲ್ಯಾಪ್‌ಟಾಪಿನಿಂದ ತಲೆಯೆತ್ತಲಿಲ್ಲ. ಈಗಷ್ಟೇ ಪರೀಕ್ಷಿಸುವಾಗ ‘ಇವರು ಹೊಡೆದ ದಿನಗಳು’ ಎಂಬ ಫೋಲ್ಡರ್ ಅವಳ ಕಣ್ಣಿಗೆ ಬಿದ್ದಿತ್ತು. ಡ್ರಾಯರಿನಲ್ಲಿ ಅವಳದೇ ಪೂರ್ತಿ ಇನ್‌ಸ್ಟಾಲೇಶನ್ ಡಿಸ್ಕ್ ಇತ್ತು. ಅವನ ಡಿಸ್ಕ್ ಎಲ್ಲವನ್ನೂ ಅಳಿಸಿಬಿಡುತ್ತಿತ್ತು; ಇದನ್ನು ಹಾಕಿದರೆ ಹಳೆಯ ಫೈಲುಗಳನ್ನು ಉಳಿಸಿಕೊಳ್ಳಬಹುದಿತ್ತು.

ಅವನ ಡಿಸ್ಕನ್ನು ಮಡಿಲಿಗೆಳೆದುಕೊಂಡಳು. ಮೇಜಿನ ಮರೆಯಲ್ಲಿ ಸ್ಕ್ರೂಡ್ರೈವರಿನ ತುದಿ ಅದರ ಹೊಳಪಿನ ಮೇಲೆ ಒಂದು ಸುತ್ತು ಬಂತು.

“ಗೀರು ಬಿದ್ದಿದೆ ಸರ್, ಇದು ಓಡಲ್ಲ. ನನ್ನ ಡಿಸ್ಕ್ ಹಾಕ್ತೀನಿ.”

ಅವನು ಮೇಜಿನ ಮೇಲೆ ಬಗ್ಗಿದ. “ಎಲ್ಲಾ ಹೋಗುತ್ತೆ ತಾನೇ?”

ಡ್ರಾಯರ್ ಎಳೆಯುತ್ತಾ ಅವಳೆಂದಳು, “ನೋಡೋಕೆ ಹೊಸದರ ಹಾಗೇ ಇರುತ್ತೆ ಸರ್.”