ಮೂರನೇ ಸಿಲಿಂಡರ್

“ಹೋದ ವಾರ ಬಂದ ಟ್ಯಾಕ್ಸಿಗೆ ಏನೂ ಆಗಿಲ್ಲ ಅಂದ್ರಿ. ಮೂರೇ ದಿನಕ್ಕೆ ಇಂಜಿನ್ ಜಾಮ್ ಆಯ್ತು. ಬೇರಿಂಗ್ ಪುಡಿಪುಡಿ,” ಎಂದ ಅಳಿಯ. “ಇವತ್ತು ಈ ಕಾರು ನೋಡಿ, ಮಾವ. ಇದರಲ್ಲೂ ಎಡವಿದ್ರೆ ನಾಳೆಯಿಂದ ಮನೇಲಿರಿ.”

ಮೇಸ್ತ್ರಿ ಅಳಿಯನ ಮುಖವನ್ನೇ ನೆಟ್ಟ ನೋಟದಿಂದ ನೋಡಿದರು. “ಆಯಿಲ್ ಇಲ್ಲದೆ ಓಡಿಸಿದ್ರೆ ಬೇರಿಂಗ್ ಏನು ಮಾಡುತ್ತೆ, ಅಳಿಯಂದ್ರೇ?”

ಮೂವತ್ತೆಂಟು ವರ್ಷದ ಹಿಂದೆ ಈ ಗ್ಯಾರೇಜು ಕಟ್ಟಿದವರು ಅವರು. ಕಾರು ಗೇಟು ದಾಟುವ ಮೊದಲೇ ಸದ್ದು ಕೇಳಿ ರೋಗ ಹೇಳುತ್ತಾರೆಂದು ಹೆಸರಾಗಿದ್ದರು. ಎರಡು ವರ್ಷದಿಂದ ಕಾರುಬಾರು ಅಳಿಯನದು.

ಕಾರು ಒಬ್ಬ ದರ್ಜಿಯದು. ಇಪ್ಪತ್ತಾರು ವರ್ಷ ಹಳೆಯದು. “ಸಪಾಟು ರಸ್ತೇಲಿ ಚೆನ್ನಾಗೇ ಹೋಗುತ್ತೆ. ಏರು ಬಂದ್ರೆ ಏದುಸಿರು. ನನ್ನ ಹೊಲಿಗೆ ಮೆಷಿನ್ನೇ ಇದಕ್ಕಿಂತ ಜೋರಾಗಿ ಎಳೆಯುತ್ತೆ,” ಎಂದು ಅವನು ಡಿಕ್ಕಿಯ ಹತ್ತಿರ ನಿಂತು ಹೇಳಿದ. ಬಾನೆಟ್ ಮೇಲೆ ಬಗ್ಗಿದ್ದ ಮೇಸ್ತ್ರಿ ತಿರುಗಿ ನೋಡಲಿಲ್ಲ. ದರ್ಜಿ ಮುಂದೆ ಬಂದು ಮತ್ತೆ ಶುರುಮಾಡಿದ.

“ಏನು ಹೇಳೋದಿದ್ರೂ ಎದುರಿಗೆ ನಿಂತು ಹೇಳಿ,” ಎಂದರು ಮೇಸ್ತ್ರಿ. ಮುದುಕರ ಗತ್ತು ಇನ್ನೂ ಇಳಿದಿಲ್ಲ ಎಂದುಕೊಂಡ ದರ್ಜಿ.

ಇಂಜಿನ್ ಓಡುತ್ತಿರುವಾಗ ಮೇಸ್ತ್ರಿ ಹೊಗೆ ಕೊಳವೆಯ ಬಾಯಿಗೆ ಅಂಗೈ ಹಿಡಿದರು. ಮೂರು ಸಲ ಬಿರುಸಾದ ಗಾಳಿ, ನಾಲ್ಕನೆಯ ಸಲ ಸೊರಗಿದ್ದು. ಇಂಜಿನ್ ನಿಲ್ಲಿಸಿ ಪ್ಲಗ್ಗುಗಳನ್ನು ಬಿಚ್ಚಿದರು. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದಾಗ ಪಕ್ಕದಲ್ಲಿ ಗಾಳಿ ಪಂಪಿನ ಪೈಪು ಕಿತ್ತುಕೊಂಡು ಫಟ್ಟೆಂದು ಸಿಡಿಯಿತು. ದರ್ಜಿ ಬೆಚ್ಚಿಬಿದ್ದ. ಮೇಸ್ತ್ರಿ ರೆಪ್ಪೆ ಕೂಡ ಅಲುಗಿಸಲಿಲ್ಲ. ಏಕಾಗ್ರತೆ ಅಂದರೆ ಇದು!

ಮೊದಲ ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತಿ, ಸೆಲ್ಫ್ ಹೊಡೆಯುವಂತೆ ಅಳಿಯನಿಗೆ ಸನ್ನೆ ಮಾಡಿದರು. ಒಳಗಿನ ಒತ್ತಡಕ್ಕೆ ಬೆರಳು ಹಾರಿತು. ಎರಡನೆಯದರಲ್ಲೂ ಹಾಗೆಯೇ, ನಾಲ್ಕನೆಯದರಲ್ಲೂ. ಮೂರನೆಯದರಲ್ಲಿ ಬೆರಳು ಕದಲಲಿಲ್ಲ. ಅದರೊಳಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದರು. ಆಗಲೂ ಬೆರಳು ಕದಲಲಿಲ್ಲ.

“ಪಿಸ್ಟನ್ ರಿಂಗ್ ಸವೆದಿದ್ರೆ ಆಯಿಲ್ ಬಿದ್ದ ಕೂಡ್ಲೇ ಒತ್ತಡ ಏರಬೇಕಿತ್ತು. ಏರಲಿಲ್ಲ. ಮೂರನೇದರ ವಾಲ್ವ್ ಸುಟ್ಟಿದೆ.”

ಅಳಿಯ ಗೇಜ್ ಹಾಕಿ ಅಳೆದ. ಮಾವ ಹೇಳಿದ್ದು ನಿಜವಾಗಿತ್ತು. ಅವನ ಮುಖ ಸಪ್ಪಗಾಯಿತು.

“ವಾಲ್ವ್ ಆಯ್ತು. ಬೇರಿಂಗ್?” ಎದುರಿಗೆ ಬಂದು ನಿಧಾನವಾಗಿ ಕೇಳಿದ. “ಬೆಳಗ್ಗೆ ಏರಿನಲ್ಲಿ ಓಡಿಸಿ ಇಂಜಿನ್ ಸದ್ದು ಫೋನಲ್ಲಿ ರೆಕಾರ್ಡ್ ಮಾಡಿದೀನಿ. ಕೇಳಿ ಹೇಳಿ. ಇದೊಂದು ಸರಿ ಹೇಳಿದ್ರೆ ನಾನು ಇನ್ನು ಬಾಯಿ ಬಿಡಲ್ಲ.”

ಮೇಸ್ತ್ರಿ ಫೋನನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದರು. ಹುಬ್ಬು ಗಂಟಿಕ್ಕಿತು. ತೋರುಬೆರಳು ಮಡ್‌ಗಾರ್ಡಿನ ಮೇಲೆ ತಾಳ ಹಾಕತೊಡಗಿತು.

“ಬೇರಿಂಗ್ ಗಟ್ಟಿ,” ಎಂದರು. “ಒಂಚೂರೂ ಬಡಿತ ಇಲ್ಲ. ಮೂರನೇದರಲ್ಲಿ ಗಾಳಿ ಸೋರ್ತಿರೋದು ಮಾತ್ರ ಸ್ಪಷ್ಟವಾಗಿ ಕೇಳುತ್ತೆ. ಚುಸ್... ಚುಸ್... ಅಂತ.”

“ಆಯ್ತು, ಮಾವ,” ಎಂದು ಅಳಿಯ ಫೋನ್ ವಾಪಸು ತೆಗೆದುಕೊಂಡ.

ಮೇಸ್ತ್ರಿ ದರ್ಜಿಯ ಕಡೆ ಕಣ್ಣು ಮಿಟುಕಿಸಿ, ಎದೆ ಸೆಟೆಸಿ, ಕೈ ತೊಳೆಯಲು ನಲ್ಲಿಯತ್ತ ನಡೆದರು.

“ಇಂಥಾ ಕಿವೀನ ಮನೇಲಿ ಕೂರಿಸ್ತೀರಾ? ತಲೆ ನೆಟ್ಟಗಿದೆಯಾ ನಿಮಗೆ?” ಎಂದು ದರ್ಜಿ ರೇಗಿದ.

ಅಳಿಯ ಅದೇ ರೆಕಾರ್ಡನ್ನು ಸ್ಪೀಕರಿಗೆ ಹಾಕಿ ದರ್ಜಿಯ ಮುಂದೆ ಹಿಡಿದ. ಮೇಸ್ತ್ರಿಯ ಮಗಳ ದನಿ.

“ಅಪ್ಪಾ, ನಾನು. ಇವರು ಏನೇನೋ ಹೇಳ್ತಾರೆ, ನಾನು ನಂಬಿಲ್ಲ. ನನ್ನ ಮಾತು ಕೇಳಿಸ್ತಿದ್ರೆ ಸುಮ್ನೆ ನಕ್ಕು ಫೋನ್ ವಾಪಸ್ ಕೊಟ್ಬಿಡಿ, ಅಷ್ಟೇ ಸಾಕು. ಅಪ್ಪಾ?... ಕೇಳಿಸ್ತಿದೆ ಅಲ್ವಾ ಅಪ್ಪಾ?”