ಕಂಪನಿ ಸಾಹೇಬನ ಹೆಣ

ಚಿಕ್ಕಬಸಪ್ಪ ಬಂಕಿನಲ್ಲಿರಲಿಲ್ಲ. ಮನೆಯಲ್ಲೂ ಇಲ್ಲ. ಇವತ್ತಿನ ಮೆರವಣಿಗೆ ತಡೆಯುವುದಕ್ಕೆ ಪೊಲೀಸರನ್ನು ಕರೆತರಲು ಹುಣಸೂರಿಗೇ ಹೋಗಿರಬೇಕು ಎಂದುಕೊಂಡಳು ಸೌಂದರ್ಯ.

"ಎಲ್ಲವ್ರೆ ಯಜಮಾನ್ರು?" ಎಂದು ಗೇಟಿನಾಚೆಯಿಂದಲೇ ಕೂಗಿದಳು.

"ಸಂಜೆಗಂಟ ಸತ್ತೋಗವ್ರೆ ಅನ್ಕೊ ಬುಡವ್ವ," ಎಂದಳು ಅವನ ಹೆಂಡತಿ ರುಕ್ಮಿಣಮ್ಮ, ಅಕ್ಕಿ ಆರಿಸುತ್ತಾ.

ಗಾವಡಗೆರೆ ಪಕ್ಕದ ಆ ಹಳ್ಳಿಯಲ್ಲಿ ಪೆಟ್ರೋಲ್ ಬಂಕಿನ ಚಿಕ್ಕಬಸಪ್ಪನೆಂದರೆ ಎಣ್ಣೆ ಕಂಪನಿಯ ಆಳು. ಹೋದ ವರ್ಷ ಒಂದೇ ದಿನದ ಮಳೆಗೆ ಕೆರೆ ಏರಿ ಒಡೆದು ಹೊಗೆಸೊಪ್ಪಿನ ಹೊಲಗಳು ಕೊಚ್ಚಿಹೋದವು. ಬಂಕಿನ ನೆಲದಡಿಯ ಟ್ಯಾಂಕಿಗೂ ನೀರು ನುಗ್ಗಿತು. ಕಂಪನಿಗೆ ಬರೆದುಕೊಂಡರೆ "ಪ್ರಕೃತಿ ವಿಕೋಪ" ಎಂಬ ಎರಡು ಪದದ ಉತ್ತರ ಬಂತು. ಆಮೇಲೂ ಅವನು ಸೌಂದರ್ಯಳ ಮನವಿಗೆ ಸಹಿ ಹಾಕಲಿಲ್ಲ. "ನನ್ ಎಸ್ರು ಕಂಡ್ರೆ ಬಂಕ್ ಕಿತ್ಕೋತಾರೆ ಕಣವ್ವ," ಎಂದು ಕೈ ಮುಗಿದಿದ್ದ.

ಮನವಿ ಇಷ್ಟೇ: ಭೂಮಿಯನ್ನು ಬಿಸಿ ಮಾಡಿ ಕೊಬ್ಬಿದ ಎಣ್ಣೆ, ಕಲ್ಲಿದ್ದಲು ಕಂಪನಿಗಳೇ ಏರಿ ಕಟ್ಟಿಸಿಕೊಡಬೇಕು. ಹೊಗೆ ಅವರದು, ಮುಳುಗಿದ್ದು ನಾವು. ಗ್ರಾಮಸಭೆಯಲ್ಲಿ ಇದು ಗೊತ್ತುವಳಿಯಾಗಲು ಊರಿನ ನೂರು ಜನ ಸೇರಬೇಕು. ಎರಡು ಸಲ ಸೇರಲಿಲ್ಲ. ಇವತ್ತೂ ಸೇರದಿದ್ದರೆ ಮನವಿಗೆ ಕಡತದಲ್ಲೇ ಗೆದ್ದಲು ಹಿಡಿಯುವುದು ಖಂಡಿತ.

ಸಭೆಗೆ ಕರೆದರೆ ಬಾರದ ಜನ ಹೆಣ ಎತ್ತಿದರೆ ಬರುತ್ತಾರೆ. ಅದಕ್ಕೇ ಸೌಂದರ್ಯ ಕಂಪನಿ ಸಾಹೇಬನ ಅಣಕು ಶವಯಾತ್ರೆ ಹೊರಡಿಸಿದಳು. ಬೊಂಬೆ ಮಾಡುವ ಕೆಲಸ ಹುಣಸೂರಿನಲ್ಲಿ ಹಾಸಿಗೆ ಹೊಲಿಯುವ ಅಹಮದ್ ಪಾಷಾನಿಗೆ ಬಿತ್ತು.

ಚಟ್ಟದ ಮೇಲೆ ಕೋಟು, ಟೈ, ಬೂಟು. ಮುಖಕ್ಕೆ ಬಿಳಿ ಬಟ್ಟೆ. ಕೋಟಂತೂ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತ್ತು.

"ಏನ್ ಪಾಷಣ್ಣ, ಹತ್ತಿ ತುಂಬಿದ್ದೀಯೋ ಜಲ್ಲಿ ತುಂಬಿದ್ದೀಯೋ?" ಹೆಗಲು ಕೊಟ್ಟ ಮಂಟಯ್ಯ ಏದುಸಿರು ಬಿಟ್ಟ.

"ಊರು ನುಂಗಿದೋನು ಕಣಪ್ಪ, ತೂಕ ಇರಲ್ವಾ? ಮುಖದ ಬಟ್ಟೆ ಮಾತ್ರ ತೆಗೀಬೇಡ, ಹೊಲಿಗೆ ಬಿಚ್ಕೊಳ್ತದೆ."

"ಪೆಟ್ರೋಲ್ ವಾಸ್ನೆನೂ ಹೊಡೀತದಲ್ಲೋ!"

"ಕೆಲ್ಸ ಅಂದ್ರೆ ಹಿಂಗಿರ್ಬೇಕು," ಎಂದು ಪಾಷಾ ಗಡ್ಡ ಸವರಿಕೊಂಡ.

ತಮಟೆ ಮೊಳಗಿತು. ಬಂಕಿನ ಮುಂದೆ ರುಕ್ಮಿಣಮ್ಮನೇ ಬಂದು ಸೇರಿಕೊಂಡಳು. "ನಮ್ ಮಳೆನೆಲ್ಲ ಕೆಡಿಸ್ಬುಟ್ಟು ಸುಖ್ವಾಗಿ ಮಲಗ್ಬುಟ್ಯಲ್ಲೋ ಮುಂಡೇದೇ!" ಎಂದು ಎದೆ ಬಡಿದುಕೊಂಡಳು. ಆ ಅಳುವಿನಲ್ಲಿ ಇಪ್ಪತ್ತು ವರ್ಷದ ಸಂಸಾರದ ಸಿಟ್ಟಿತ್ತು. ಚಟ್ಟ ಒಮ್ಮೆ ಅಲುಗಿತು. ಮಂಟಯ್ಯ ಎಡವಿದನೆಂದು ಎಲ್ಲರೂ ಅವನಿಗೇ ಬೈದರು.

ಪಂಚಾಯಿತಿ ಅಂಗಳದಲ್ಲಿ ಹೆಣ ಇಳಿಸಿದರು. ಪೊಲೀಸರೂ ಬರಲಿಲ್ಲ, ಚಿಕ್ಕಬಸಪ್ಪನೂ ಬರಲಿಲ್ಲ. ಪಿಡಿಒ ಶಾಂತಲಾ ಎರಡು ಸಲ ತಲೆ ಎಣಿಸಿದರು. ಪಾಷಾ ಬೇರೆ ಊರಿನವನು, ಲೆಕ್ಕಕ್ಕಿಲ್ಲ.

"ತೊಂಬತ್ತೊಂಬತ್ತು. ನೂರಾಗದೆ ಬರ್ಕೊಳ್ಳೋ ಹಾಗಿಲ್ಲಮ್ಮ."

ಸೌಂದರ್ಯ ರಸ್ತೆಗೆ ಓಡಿ ನೋಡಿದಳು. ಒಂದು ಎಮ್ಮೆ ಬಿಟ್ಟರೆ ಯಾರೂ ಇಲ್ಲ. ಅವಳ ಕಣ್ಣು ತುಂಬಿತು.

"ಓಗ್ಲಿ ಬುಡವ್ವ, ಇವನ್ನಾರ ಸುಡುವ," ಎಂದು ಮಂಟಯ್ಯ ಕಡ್ಡಿ ಗೀರಿದ.

ಚಟ್ಟದ ಮೇಲೊಂದು ಕೈ ಎದ್ದಿತು.

"ಕಡ್ಡಿ ಆರ್ಸಲೇ ಮಂಟ," ಎಂದ ಬಿಳಿ ಬಟ್ಟೆಯೊಳಗಿಂದ ಚಿಕ್ಕಬಸಪ್ಪ. "ಮೇಡಂ, ನೂರು ಅಂತ ಬರ್ಕೊಳ್ಳಿ."